ಬಿಜಲಿಯ ಎಡಗಡೆ

ಹೋದ ತಿಂಗಳು ನಮ್ಮ ಸೊಸೆ ಅಟ್ಟದ ಸಾಮಾನೆಲ್ಲ ಇಳಿಸಿ ಸ್ವಚ್ಛ ಮಾಡುವಾಗ ಅವಳಿಗೊಂದು ಕಬ್ಬಿಣದ ಸಾಮಾನು ಸಿಕ್ಕಿತು. ಅಂಗೈಯಗಲದ ತಗಡು, ಅದರ ಮೇಲೆ ಸಾಲುಸಾಲಾಗಿ ಹಲ್ಲು, ಹಿಂದೆ ಕೈ ತೂರಿಸುವುದಕ್ಕೆ ಒಂದು ಚರ್ಮದ ಪಟ್ಟಿ. ಹಳೇ ಕಾಲದ ಅಡುಗೆಯ ಸಾಮಾನಿರಬೇಕು ಎಂದುಕೊಂಡ ಆಕೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಅದರಿಂದಲೇ ಸುವರ್ಣಗಡ್ಡೆಯ ಸಿಪ್ಪೆ ಹೆರೆದು, ಪಲ್ಯ ಮಾಡಿ ಬಡಿಸಿದಳು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಕೈ ತೊಳೆದ ಮೇಲೆ, ಅದು ಕುದುರೆಯ ಮೈ ಉಜ್ಜುವ ಖರಾರಾ ಎಂದು ಹೇಳಿದೆ. ಮೊದಲೇ ಹೇಳಬಹುದಿತ್ತು. ಆದರೆ ಪಲ್ಯ ರುಚಿಯಾಗಿತ್ತು.

ಮೊಮ್ಮಗಳು ನಗುತ್ತ, ನಿಮ್ಮ ಮನೆಯಲ್ಲಿ ಕುದುರೆ ಇತ್ತೇನು ಅಜ್ಜಾ ಎಂದು ಕೇಳಿದಳು. ನನ್ನ ಹತ್ತಿರ ಯಾವ ಕಾಲಕ್ಕೂ ಕುದುರೆ ಇರಲಿಲ್ಲ. ಒಂದು ಕುದುರೆಯ ಹತ್ತಿರ ವರ್ಷದ ಮಟ್ಟಿಗೆ ನಾನಿದ್ದೆ, ಅಷ್ಟೆ. ಅದೂ ಕುದುರೆಯ ಮೇಲಲ್ಲ, ಎಡಗಡೆ.

ಕುದುರೆಗೂ ನನಗೂ ಮೊದಲಿನಿಂದಲೇ ಆಗಿಬಂದಿರಲಿಲ್ಲ ಎಂಬುದನ್ನು ನಿಮಗೆ ಮುಂಚೆಯೇ ಹೇಳಿಬಿಡುವುದು ಒಳ್ಳೆಯದು. ನಮ್ಮೂರು ಭಾಲ್ಕಿ. ನಾನು ಆರು ವರ್ಷದವನಿದ್ದಾಗ ನಮ್ಮ ಸೋದರಮಾವನ ಮದುವೆಯಾಯಿತು. ಮೆರವಣಿಗೆಯಲ್ಲಿ ಮದುಮಗನ ಮುಂದೆ ಒಂದು ಮಗು ಕೂರಬೇಕೆಂದು ನನಗೆ ಜರಿಯ ಟೋಪಿ ಹಾಕಿ ಕುದುರೆ ಹತ್ತಿಸಿದರು. ಹಲಗೆಯವರು ಹುರುಪಿನಲ್ಲಿ ಕಿವಿಯ ಬುಡಕ್ಕೇ ಬಂದು ಬಾರಿಸಿದ್ದೇ ತಡ, ಕುದುರೆ ಬೀಗರ ಮನೆ ಬಿಟ್ಟು ತೊಗರಿ ಹೊಲದ ದಾರಿ ಹಿಡಿಯಿತು. ಮಾವ ಮೊದಲನೆಯ ಬದುವಿನಲ್ಲೇ ಇಳಿದರು, ಅಂದರೆ ಬಿದ್ದರು. ನಾನು ಹೊಲದ ಆ ತುದಿಯವರೆಗೂ ಹೋದೆ. ಎಮ್ಮೆಗೆ ಕಚ್ಚಿದ ಉಣ್ಣೆಯ ಹಾಗೆ ಕುತ್ತಿಗೆಗೆ ಕಚ್ಚಿಕೊಂಡಿದ್ದ ನನ್ನನ್ನು ಬಿಡಿಸುವುದಕ್ಕೆ ಇಬ್ಬರು ಬೇಕಾಯಿತಂತೆ. ಆಮೇಲೆ ಎದುರಿಗೆ ಕುದುರೆ ಕಂಡರೆ ನಾನು ಪಕ್ಕದ ಗಲ್ಲಿಗೆ ಸರಿಯುತ್ತಿದ್ದೆ. ಭಾಲ್ಕಿಯಲ್ಲಿ ಗಲ್ಲಿಗಳಿಗೆ ಬರವಿರಲಿಲ್ಲ.

ಇನ್ನೊಂದು ಹೆದರಿಕೆ ದೊಡ್ಡವನಾದ ಮೇಲೆ ಬಂದದ್ದು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಬೀದರಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆಯ ಮಾತು ಕನ್ನಡ. ಆದರೆ ಕಲಿತದ್ದೆಲ್ಲ ಉರ್ದು ಸಾಲೆಯಲ್ಲಿ. ಉರ್ದುವಿನಲ್ಲಿ ನನ್ನ ಅಕ್ಷರ ಎಷ್ಟು ಚೆಂದವಿತ್ತೆಂದರೆ ಸಾಹೇಬರು ತಮ್ಮ ಮಗಳ ಮದುವೆಯ ಕರೆಯೋಲೆಯನ್ನು ನನ್ನಿಂದಲೇ ಬರೆಸಿದ್ದರು. ಈಗ ಕಡತಗಳು ಒಂದೊಂದಾಗಿ ಕನ್ನಡದಲ್ಲಿ ಬರತೊಡಗಿದವು. ವರ್ಷದೊಳಗೆ ಎಲ್ಲರೂ ಕನ್ನಡದ ಪರೀಕ್ಷೆ ಪಾಸು ಮಾಡಬೇಕೆಂದು ನಮ್ಮ ಸಾಹೇಬರು ಹೇಳಿದರು. ಕನ್ನಡದಲ್ಲಿ ಜಗಳವಾಡಬಲ್ಲೆ, ಹಾಡಬಲ್ಲೆ, ಅಳಬಲ್ಲೆ. ಓದು ಎಂದರೆ ಮಾತ್ರ ಬೆವರು ಬರುತ್ತಿತ್ತು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅ ಆ ಇ ಈ ಕಲಿಸಿರಿ ಎಂದು ಯಾರ ಮುಂದೆ ಹೋಗಿ ನಿಲ್ಲಲಿ?

ಅದೇ ದಿನಗಳಲ್ಲಿ ಮೈಸೂರು ಕಡೆಯಿಂದ ದವಾಖಾನೆಗೆ ಒಬ್ಬ ಡಾಕ್ಟರು ವರ್ಗವಾಗಿ ಬಂದರು. ಸಾವಿತ್ರಮ್ಮ ಎಂದು ಅವರ ಹೆಸರು. ಮೂವತ್ತೈದರ ಸುಮಾರಿನ ಹೆಂಗಸು, ಕಪ್ಪು ಕೊಡೆ, ಮಾತು ಬೆಣ್ಣೆಯ ಹಾಗೆ. ನಮ್ಮಲ್ಲಿ ಮರ್ಯಾದೆಯ ಹೆಣ್ಣುಮಕ್ಕಳನ್ನು ‘ಬಾಯಾರ’ ಎಂದು ಕರೆಯುತ್ತೇವಲ್ಲ, ರೋಗಿಗಳು ಅವರನ್ನೂ ಹಾಗೆಯೇ ಕರೆದರು. ಪಾಪ, ಅವರಿಗದು ಬಾಯಾರಿಕೆ ಎಂದು ಕೇಳಿಸಿತು. ಮೊದಲ ವಾರವೆಲ್ಲ ‘ಬಾಯಾರ’ ಎಂದವರಿಗೆಲ್ಲ ಜವಾನನಿಂದ ನೀರು ಕೊಡಿಸಿದರಂತೆ. ಈ ಊರಿನವರಿಗೆ ಇದೆಂಥ ದಾಹ ಎಂದು ಅವರೂ, ಔಷಧ ಕೇಳಿದರೆ ನೀರು ಕೊಡುತ್ತಾರಲ್ಲ ಎಂದು ಊರವರೂ ಚಿಂತೆಗೆ ಬಿದ್ದಿದ್ದರು.

ನಾನು ಹೊಟ್ಟೆನೋವೆಂದು ಹೋಗಿದ್ದೆ. ಅವರು ಔಷಧ ತೆಗೆದುಕೊಳ್ಳುವ ರೀತಿಯನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟು, ಓದಿ ಹೇಳಿ ನೋಡೋಣ ಎಂದರು. ರೂಢಿಯ ಪ್ರಕಾರ ನನ್ನ ಕಣ್ಣು ಚೀಟಿಯ ಬಲತುದಿಗೆ ಹೋಗಿ ಅಲ್ಲಿಂದ ಎಡಕ್ಕೆ ಹೊರಟಿತು. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ನಗಲಿಲ್ಲ. ಕೈಬೆರಳಿನಿಂದ ಚೀಟಿಯ ಎಡತುದಿಯನ್ನು ಮುಟ್ಟಿ ತೋರಿಸಿದರು. ನನಗೆ ಹೊಟ್ಟೆನೋವು ಮರೆತುಹೋಯಿತು. ಪರೀಕ್ಷೆಯ ಸಂಗತಿಯನ್ನೆಲ್ಲ ಅವರ ಮುಂದೆ ಹೇಳಿಬಿಟ್ಟೆ. ಅವರು ತಾವು ಕಲಿಸುವುದಾಗಿ ಹೇಳಿದರು. ಅದಕ್ಕೆ ಬದಲಾಗಿ ವಾರಕ್ಕೆ ಮೂರು ದಿನ ಬೆಳಿಗ್ಗೆ ಒಂದು ಗಂಟೆ ಹೊತ್ತು ತಮ್ಮ ಕೆಲಸವೊಂದಕ್ಕೆ ಬರಬೇಕು ಎಂದರು. ನಾನು ಹಿಂದೆಮುಂದೆ ನೋಡದೆ ಹೂಂ ಎಂದೆ. ಕೆಲಸ ಏನೆಂದು ಕೇಳಿದ್ದು ಆಮೇಲೆ.

ಕುದುರೆಯ ಪಕ್ಕದಲ್ಲಿ ನಡೆಯುವುದು ಎಂದರು.

ಆ ಕುದುರೆಯ ಸಂಗತಿ ಹೀಗೆ. ಊರಲ್ಲಿ ಖಾಜಾ ಚಾಚಾ ಎಂಬ ಟಾಂಗಾವಾಲಾ ಇದ್ದ. ನಿಜಾಮರ ಕಾಲದಲ್ಲಿ ಕುದುರೆ ಪಡೆಯಲ್ಲಿ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವನು. ಪಡೆ ಹೋದ ಮೇಲೆ ಅಲ್ಲಿಯದೇ ಒಂದು ಹೆಣ್ಣು ಕುದುರೆಯನ್ನು ತಂದುಕೊಂಡು ಟಾಂಗಾ ಹೂಡಿದ್ದ. ಕುದುರೆಯ ಹೆಸರು ಬಿಜಲಿ. ಹೆಸರಿಟ್ಟಾಗ ಮಿಂಚಿನಂತೆ ಓಡುತ್ತಿತ್ತೋ ಏನೋ, ನಾನು ನೋಡುವ ಹೊತ್ತಿಗೆ ಮೋಡದಂತೆ ನಡೆಯುತ್ತಿತ್ತು. ಎಡಗಣ್ಣಿಗೆ ಪೊರೆ ಬಂದಿತ್ತು. ಒಂದು ದಿನ ಔರಾದ ಬಸ್ಸಿನಿಂದ ಒಬ್ಬ ತಾಯಿ ಎಂಟು ವರ್ಷದ ಮಗಳನ್ನು ಎತ್ತಿಕೊಂಡು ಇಳಿದಳು. ಖಾಜಾ ಚಾಚಾ ಅವರನ್ನು ದವಾಖಾನೆಗೆ ಕರೆತಂದ. ಹುಡುಗಿಯ ಹೆಸರು ಲೀಲಾ. ನಾಲ್ಕನೆಯ ವರ್ಷಕ್ಕೆ ಜ್ವರ ಬಂದು ಕಾಲು ಸೋತಿದ್ದವು. ಕಾಲಿಗಿಂತ ಹೆಚ್ಚಿನ ತೊಂದರೆಯೆಂದರೆ ನಡು. ಕೂರಿಸಿದರೆ ಅರ್ಧ ಸುರಿದ ಜೋಳದ ಚೀಲದಂತೆ ಒಂದು ಕಡೆಗೆ ಕುಸಿಯುತ್ತಿದ್ದಳು. ಕೂರಲಾಗದ ಹುಡುಗಿಯನ್ನು ಸಾಲೆಗೆ ಸೇರಿಸಿಕೊಳ್ಳಲು ಬರುವುದಿಲ್ಲ ಎಂದು ಊರಿನ ಮಾಸ್ತರರು ಹೇಳಿದ್ದರಂತೆ.

ಡಾಕ್ಟರಮ್ಮ ಪರೀಕ್ಷೆ ಮಾಡುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ಖಾಜಾ ಚಾಚಾ ಒಂದು ಮಾತು ಹೇಳಿದನಂತೆ. ಅವರ ಪಡೆಯಲ್ಲಿ ಒಬ್ಬ ಅಧಿಕಾರಿ ಬಿದ್ದು ನಡು ಕಳೆದುಕೊಂಡಿದ್ದ. ದಿನಾ ಅವನನ್ನು ಕುದುರೆಯ ಮೇಲೆ ಕೂರಿಸಿ ಸಾವಕಾಶ ನಡೆಸುತ್ತಿದ್ದರು. ಆರು ತಿಂಗಳಲ್ಲಿ ಅವನ ನಡುವಿಗೆ ಜೀವ ಬಂತು. “ಕುದುರಿ ನಡದ್ರ, ಮ್ಯಾಲ ಕುಂತಾಂವನ ನಡಾನೂ ನಡದಂಗ ಆಗ್ತದರಿ ಬಾಯಾರ,” ಎಂದನಂತೆ.

ಬೇರೆ ಡಾಕ್ಟರಾಗಿದ್ದರೆ ಟಾಂಗಾದವನಿಗೆ ಹೊರಗೆ ನಿಲ್ಲು ಎನ್ನುತ್ತಿದ್ದರು. ಈಕೆ ಎದ್ದು ಹೊರಗೆ ಬಂದು, ಬಿಜಲಿಯನ್ನು ಟಾಂಗಾದಿಂದ ಬಿಚ್ಚಿಸಿ, ನಡೆಸು ಎಂದರು. ಕೊಡೆ ಕಂಕುಳಲ್ಲಿಟ್ಟು, ತಮ್ಮ ಸೊಂಟದ ಮೇಲೆ ಎರಡೂ ಕೈಯಿಟ್ಟುಕೊಂಡು, ಕುದುರೆಯ ಹಿಂದೆ ಹಿಂದೆ ಅದರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರು. ದವಾಖಾನೆಯ ಅಂಗಳದಲ್ಲಿದ್ದವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹಿಂತಿರುಗಿ ಬಂದು ಅವರು ಲೀಲಾಳ ತಾಯಿಗೆ, ಊರಿಗೆ ಹೋಗಬೇಡಿ, ಬೀದರಿನಲ್ಲಿ ಉಳಿಯುವ ಅನುಕೂಲವಿದೆಯೇ ಎಂದು ಕೇಳಿದರು. ತಾಯಿ ತುಳಜಾಬಾಯಿಯ ತಂಗಿಯ ಮನೆ ಬೀದರಿಗೆ ಅಂಟಿದ ಮೈಲೂರಿನಲ್ಲಿತ್ತು.

ಹೀಗೆ ಶುರುವಾಯಿತು. ಕೋಟೆಯ ಹೊರಗಿನ ಬಯಲು, ಮುಂಜಾನೆ ಏಳು ಗಂಟೆ. ಬಿಜಲಿಯ ಬೆನ್ನ ಮೇಲೆ ಜೀನಿನ ಬದಲು ನಾಲ್ಕು ಮಡಿಕೆಯ ಕೌದಿ, ಹಿಡಿದುಕೊಳ್ಳಲು ಹೊಟ್ಟೆಯ ಸುತ್ತ ಕಟ್ಟಿದ ಪಟ್ಟಿಗೆ ಹೊಲಿದ ಎರಡು ಹಿಡಿಕೆ. ಮುಂದೆ ಲಗಾಮು ಹಿಡಿದು ಖಾಜಾ ಚಾಚಾ. ಬಲಗಡೆ ತುಳಜಾಬಾಯಿ. ಎಡಗಡೆ ನಾನು. ಒಂದು ಕೈ ಹುಡುಗಿಯ ಮೊಣಕಾಲ ಮೇಲೆ, ಇನ್ನೊಂದು ಕೈ ಬೆನ್ನ ಹಿಂದೆ. ಹುಡುಗಿ ವಾಲಿದರೆ ಆತುಕೊಳ್ಳಬೇಕು. ವಾಲದಿದ್ದರೆ ಸುಮ್ಮನೆ ನಡೆಯಬೇಕು. ಕೆಲಸ ಇಷ್ಟೆ. ಕುದುರೆಗೆ ಹೆದರುತ್ತೇನೆಂದು ನಾನು ಯಾರಿಗೂ ಹೇಳಲಿಲ್ಲ. ಹೆಂಗಸರು ಹೆದರದ ಪ್ರಾಣಿಗೆ ನಾನು ಹೇಗೆ ಹೆದರಲಿ? ಮೊದಲ ದಿನ ಬಿಜಲಿ ಸೀನಿತು. ನನ್ನ ಜೀವ ಅರ್ಧ ಅಲ್ಲೇ ಹೋಯಿತು, ಇನ್ನರ್ಧ ಇಟ್ಟುಕೊಂಡು ಸುತ್ತು ಮುಗಿಸಿದೆ.

ಲೀಲಾ ದೇವತೆಯಂಥ ಹುಡುಗಿಯಾಗಿರಲಿಲ್ಲ. ಎರಡು ಜಡೆ, ಚೂಪು ಗದ್ದ, ಅದಕ್ಕಿಂತ ಚೂಪಾದ ನಾಲಗೆ. ನಾಲ್ಕು ವರ್ಷ ಮಲಗಿದಲ್ಲಿಂದಲೇ ಮನೆ ಆಳಿ ರೂಢಿಯಾಗಿತ್ತು. ನನ್ನ ಹೆಜ್ಜೆ ಕುದುರೆಯ ಹೆಜ್ಜೆಗೆ ಕೂಡುತ್ತಿಲ್ಲವೆಂದು, ನನ್ನ ಎಣ್ಣೆಯ ವಾಸನೆ ಬಿಜಲಿಗೆ ಹಿಡಿಸುವುದಿಲ್ಲವೆಂದು, ದಿನಕ್ಕೊಂದು ದೂರು ಹೇಳುತ್ತಿದ್ದಳು. ನನ್ನನ್ನು ಶರಣು ಕಾಕಾ ಎಂದು ಕರೆಯುತ್ತಿದ್ದಳು. ಖಾಜಾ ಚಾಚಾನ ಮಾತನ್ನು ಮಾತ್ರ ತೆಗೆದುಹಾಕುತ್ತಿರಲಿಲ್ಲ. ಅವನು ತಿರುಗಿ ನೋಡದೆಯೇ “ಛಾತಿ ಮ್ಯಾಲ” ಎನ್ನುತ್ತಿದ್ದ. ಅವಳ ಎದೆ ಮೇಲೆ ಬರುತ್ತಿತ್ತು. ಬೆನ್ನು ಕುಸಿದದ್ದು ಅವನಿಗೆ ಹೇಗೆ ತಿಳಿಯುತ್ತಿತ್ತೆಂದು ನಾನು ಕೇಳಿದ್ದೆ. ಬಿಜಲಿಯ ನಡಿಗೆ ಹೇಳುತ್ತದೆ ಎಂದ.

ಬಿಜಲಿಗೊಂದು ಚಟವಿತ್ತು. ಟಾಂಗಾ ಎಳೆದ ವರ್ಷಗಳಲ್ಲಿ ಎಲ್ಲೆಲ್ಲಿ ಸವಾರಿಯವರು ಇಳಿದಿದ್ದರೋ ಆ ಜಾಗಗಳೆಲ್ಲ ಅದಕ್ಕೆ ಬಾಯಿಪಾಠ. ಬಯಲಿನ ಅಂಚಿನಲ್ಲಿ ಒಂದು ಬೇವಿನ ಮರ. ಅಲ್ಲಿ ಹಿಂದೊಮ್ಮೆ ಒಬ್ಬ ವಕೀಲರು ದಿನಾ ಇಳಿಯುತ್ತಿದ್ದರಂತೆ. ವಕೀಲರು ತೀರಿಕೊಂಡು ಮೂರು ವರ್ಷವಾಗಿತ್ತು. ಬಿಜಲಿ ಮಾತ್ರ ಮರ ಬಂದ ಕೂಡಲೇ ನಿಲ್ಲುತ್ತಿತ್ತು. ಬೈದರೂ ಕದಲದು, ಬೆಲ್ಲ ತೋರಿಸಿದರೂ ಕದಲದು. ವಕೀಲರು ಇಳಿಯದೆ ಹೇಗೆ ಹೊರಡಲಿ ಎಂಬುದು ಅದರ ವಾದ. ಕಡೆಗೆ ಖಾಜಾ ಚಾಚಾ ಉಪಾಯ ಹೇಳಿದ. ನಾನು ಕುದುರೆಯ ಹಿಂದೆ ಹೋಗಿ, ಟಾಂಗಾದಿಂದ ಇಳಿದವನಂತೆ ಧೊಪ್ಪನೆ ನೆಲಕ್ಕೆ ಕಾಲು ಬಡಿದು, ಗಂಟಲು ಸರಿಮಾಡಿಕೊಂಡು, “ಹಾಂ, ಚಲೋ” ಎನ್ನಬೇಕು. ಆಗ ಬಿಜಲಿ ಹೊರಡುತ್ತಿತ್ತು. ಒಂದು ವರ್ಷ, ವಾರಕ್ಕೆ ಮೂರು ದಿನ, ಸುತ್ತಿಗೊಂದು ಸಲ ನಾನು ಸತ್ತ ವಕೀಲರಾಗಿ ಟಾಂಗಾ ಇಳಿದಿದ್ದೇನೆ. ಲೀಲಾ ಮೊದಲ ಬಾರಿಗೆ ಹೊಟ್ಟೆ ತುಂಬ ನಕ್ಕದ್ದು ಅಲ್ಲಿಯೇ. ನಗುವಾಗ ಅವಳ ನಡು ತಾನಾಗಿ ನೆಟ್ಟಗಾದದ್ದನ್ನು ಡಾಕ್ಟರಮ್ಮ ನೋಡಿದರು.

ನನ್ನ ಕನ್ನಡ ಪಾಠವೂ ಆ ಬಯಲಿನಲ್ಲೇ ನಡೆಯಿತು. ಡಾಕ್ಟರಮ್ಮ ಸುತ್ತಿನ ದಾರಿಯ ಕಲ್ಲುಗಳ ಮೇಲೆ ಸೀಮೆಸುಣ್ಣದಿಂದ ಒಂದೊಂದು ಅಕ್ಷರ ಬರೆದಿಡುತ್ತಿದ್ದರು. ಒಂದು ಕಲ್ಲು ಎಡಕ್ಕೆ, ಒಂದು ಬಲಕ್ಕೆ, ಒಂದು ಹಿಂದಕ್ಕೆ. ಹುಡುಗಿ ಮೈ ತಿರುಗಿಸಿ ನೋಡಿ ಗಟ್ಟಿಯಾಗಿ ಓದಬೇಕು. ಬೆನ್ನಿಗೂ ಕೆಲಸ, ಬಾಯಿಗೂ ಕೆಲಸ. ಜೊತೆಗೆ ನಾನೂ ಓದಬೇಕು. ದೀಪಾವಳಿಯ ಹೊತ್ತಿಗೆ ಲೀಲಾ ನನಗಿಂತ ಒಂದು ಕಲ್ಲು ಮುಂದಿದ್ದಳು. ಸಂಕ್ರಾಂತಿಗೆ ಒತ್ತಕ್ಷರಕ್ಕೆ ಹೋದಳು. ನಾನಿನ್ನೂ ಥ ಮತ್ತು ಧಗಳ ನಡುವೆ ಒದ್ದಾಡುತ್ತಿದ್ದೆ. ತಪ್ಪು ಓದಿದರೆ ಮೇಲಿನಿಂದಲೇ ನನ್ನ ತಲೆಗೆ ಒಂದು ಮೊಟಕು ಬೀಳುತ್ತಿತ್ತು. ಕುದುರೆಯ ಮೇಲಿದ್ದವರಿಗೆ ನೆಲದ ಮೇಲಿದ್ದವರ ತಲೆ ಎಷ್ಟು ಅನುಕೂಲವಾಗಿ ಸಿಗುತ್ತದೆ ಎಂಬುದು ನನಗೆ ಆಗ ತಿಳಿಯಿತು.

ಆ ಹೊತ್ತಿಗೆ ಅವಳು ಅರ್ಧ ಸುತ್ತು ವಾಲದೆ ಕೂರುತ್ತಿದ್ದಳು. ಇನ್ನೂ ಇಬ್ಬರು ಮಕ್ಕಳು ಬರತೊಡಗಿದ್ದರು. ಖಾಜಾ ಚಾಚಾ ಮನ್ನಳ್ಳಿಯಿಂದ ಹಸಿ ಹುಲ್ಲು ತರಿಸಿ ಬಿಜಲಿಗೆ ಹಾಕುತ್ತಿದ್ದ, ಕೆಲಸ ಮುಗಿದ ಮೇಲೆ ನನ್ನ ಕೈಗೆ ಇದೇ ಖರಾರಾ ಕೊಟ್ಟು ಮೈ ಉಜ್ಜಲು ಕಲಿಸುತ್ತಿದ್ದ. ನಾನು ತೋಳನ್ನು ಆದಷ್ಟು ಉದ್ದ ಮಾಡಿ ದೂರದಿಂದ ಉಜ್ಜುತ್ತಿದ್ದೆ. ಎಲ್ಲ ಚೆನ್ನಾಗಿಯೇ ನಡೆದಿತ್ತು. ನಾನೇ ಕೆಡಿಸಿದೆ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ, ಬಯಲಿನ ಪಕ್ಕದ ರಸ್ತೆಯಲ್ಲಿ ಒಂದು ಬಸ್ಸು ಬಂದು, ಅಡ್ಡ ಬಂದ ಎಮ್ಮೆಗೆಂದು ಜೋರಾಗಿ ಹಾರನ್ ಒತ್ತಿತು. ಬಿಜಲಿ ತಲೆಯೆತ್ತಿತು. ಅಷ್ಟೆ. ಮುಂಗಾಲು ಎತ್ತಲಿಲ್ಲ, ಓಡಲಿಲ್ಲ, ತಲೆಯೊಂದನ್ನು ಎತ್ತಿತು. ನನಗೆ ತೊಗರಿ ಹೊಲ ಕಣ್ಣ ಮುಂದೆ ಬಂತು. ಎರಡೂ ಕೈ ಬಿಟ್ಟು ಹಿಂದಕ್ಕೆ ಜಿಗಿದೆ. ಅದೇ ಗಳಿಗೆಯಲ್ಲಿ ಲೀಲಾ ಎಡಗಡೆಯ ಕಲ್ಲನ್ನು ಓದಲೆಂದು ನನ್ನ ಕಡೆಗೆ ಬಾಗಿದ್ದಳು. ನಾನಿದ್ದ ಜಾಗಕ್ಕೆ ಅವಳು ಬಿದ್ದಳು.

ಗದ್ದ ಒಡೆದು ರಕ್ತ ಬಂತು. ಎಡಗೈಯ ಮಣಿಕಟ್ಟು ಉಳುಕಿ ಊದಿಕೊಂಡಿತು. ತುಳಜಾಬಾಯಿ ಸುತ್ತಿ ಬಂದು ಮಗಳನ್ನು ಎತ್ತಿಕೊಂಡಳು. ಡಾಕ್ಟರಮ್ಮ ಓಡಿ ಬಂದು ಏನಾಯಿತೆಂದು ಕೇಳಿದರು. ನಾನು, “ಬಿಜಲಿ ಬೆದರಿತುರಿ. ಆ ಕಡಿ ಕಣ್ಣು ಕಾಣಂಗಿಲ್ಲಲ್ಲ,” ಎಂದೆ.

ನನ್ನ ಬಾಯಿಂದ ಈ ಮಾತು ಹೊರಟಾಗ ಖಾಜಾ ಚಾಚಾ ಬಿಜಲಿಯ ಮೂಗು ಸವರುತ್ತಿದ್ದ. ಒಂದು ಸಲ ನನ್ನನ್ನು ನೋಡಿದ. ಲಗಾಮು ಅವನ ಕೈಯಲ್ಲಿತ್ತು, ಕುದುರೆ ಬೆದರಿದ್ದರೆ ಮೊದಲು ತಿಳಿಯುವುದು ಅವನಿಗೆ. ಆದರೂ ಅವನು ನನ್ನ ಹೆಸರೆತ್ತಲಿಲ್ಲ. ತಪ್ಪು ನನ್ನದು ಬಾಯಾರ, ಮುದಿ ಕುದುರೆ, ನಾನು ನೋಡಿಕೊಳ್ಳಬೇಕಿತ್ತು ಎಂದುಬಿಟ್ಟ.

ಎರಡು ದಿನದಲ್ಲಿ ಔರಾದಿನಿಂದ ಲೀಲಾಳ ತಂದೆ ಮಾಣಿಕಪ್ಪ ಬಂದರು. ಹೊಲಮನೆಯಿದ್ದ, ಕಾಳಿನ ವ್ಯಾಪಾರವನ್ನೂ ಮಾಡುತ್ತಿದ್ದ ಗಂಭೀರ ಮನುಷ್ಯ. ಕೂಗಾಡಲಿಲ್ಲ. ಕುರುಡು ಕುದುರೆಯ ಮೇಲೆ ಕೂಸನ್ನು ಕೂರಿಸಿದ್ದು ಸಾಕು ಎಂದು ಹೇಳಿ, ಹೆಂಡತಿ ಮಗಳನ್ನು ಬಸ್ಸು ಹತ್ತಿಸಿಕೊಂಡು ಹೋದರು. ಸುದ್ದಿ ಕೇಳಿ ಇನ್ನಿಬ್ಬರು ಮಕ್ಕಳ ತಾಯಂದಿರೂ ಬರುವುದನ್ನು ಬಿಟ್ಟರು. ಟಾಂಗಾ ಹತ್ತುವವರೂ ಬಿಜಲಿಯ ಕಣ್ಣನ್ನು ಬಗ್ಗಿ ನೋಡತೊಡಗಿದರು. ಖಾಜಾ ಚಾಚಾ ಬೇವಿನ ಮರದ ಕೆಳಗೆ ಖಾಲಿ ಟಾಂಗಾದಲ್ಲಿ ಕೂತು ಬೀಡಿ ಸೇದುವುದನ್ನು ನಾನು ಕಚೇರಿಗೆ ಹೋಗುವಾಗ ನೋಡುತ್ತಿದ್ದೆ. ಅವನು ಎಂದಿನಂತೆ ಸಲಾಂ ಮಾಡುತ್ತಿದ್ದ. ಆ ಸಲಾಮನ್ನು ತಪ್ಪಿಸಿಕೊಳ್ಳಲು ನಾನು ಗಲ್ಲಿ ಹುಡುಕತೊಡಗಿದೆ. ಕುದುರೆಗೆ ಹೆದರಿ ಗಲ್ಲಿ ಹಿಡಿಯುವುದು ಬೇರೆ, ಮನುಷ್ಯನಿಗೆ ಹೆದರಿ ಹಿಡಿಯುವುದು ಬೇರೆ. ಎರಡನೆಯದರಲ್ಲಿ ಗಲ್ಲಿ ಮುಗಿಯುವುದೇ ಇಲ್ಲ.

ಅದೇ ವಾರ ಕನ್ನಡದ ಪರೀಕ್ಷೆ ಬಂತು. ಪತ್ರ ಬರೆಯಿರಿ ಎಂಬ ಪ್ರಶ್ನೆಗೆ ತಲೆಬರಹ ಬರೆದು ಕೂತವನು ಮುಂದಕ್ಕೆ ಹೋಗಲಿಲ್ಲ. ನಪಾಸಾದೆ. ಅದರ ದುಃಖವೂ ಸರಿಯಾಗಿ ಆಗಲಿಲ್ಲ.

ಲೀಲಾ ಬಿದ್ದ ಹತ್ತನೆಯ ದಿನ ರಜೆ ಹಾಕಿ ಔರಾದ ಬಸ್ಸು ಹತ್ತಿದೆ. ಹೋಗುವಾಗ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮೊದಲು ಉರ್ದುವಿನಲ್ಲಿ ಜೋಡಿಸಿದೆ, ಅದು ಬಹಳ ಸೊಗಸಾಗಿ ಬಂತು. ಸೊಗಸಾಗಿ ಬಂದದ್ದಕ್ಕೇ ಅನುಮಾನವಾಗಿ ಬಿಟ್ಟೆ.

ಮಾಣಿಕಪ್ಪನವರ ಮನೆ ಪೇಟೆಯ ಹಿಂದೆಯೇ ಇತ್ತು. ಪಡಸಾಲೆಯಲ್ಲಿ ಕಾಳಿನ ಚೀಲಗಳ ನಡುವೆ ಲೀಲಾಳನ್ನು ದಿಂಬುಗಳಿಗೆ ಆನಿಸಿ ಕೂರಿಸಿದ್ದರು. ಗದ್ದದ ಗಾಯ ಒಣಗಿತ್ತು. ನನ್ನನ್ನು ನೋಡಿ ಅವಳು ಮುಖ ತಿರುಗಿಸಲಿಲ್ಲ, ನಗಲೂ ಇಲ್ಲ. ತುಳಜಾಬಾಯಿ ನೀರು ತಂದುಕೊಟ್ಟಳು. ನಾನು ನೀರನ್ನು ಕುಡಿಯದೆ ಕೆಳಗಿಟ್ಟು ಹೇಳಿದೆ.

“ಅಣ್ಣಾವ್ರ, ಕುದುರಿ ಬೆದರಿಲ್ಲರಿ. ನಾನು ಬೆದರಿದೆ. ಕೂಸಿನ ಕೈಬಿಟ್ಟು ಹಿಂದಕ್ಕ ಜಿಗದೆ. ಆಮ್ಯಾಲ ತಪ್ಪು ಕುದುರಿ ಮ್ಯಾಲ ಹಾಕಿದೆ. ಖಾಜಾ ಚಾಚಾಗ ಎಲ್ಲಾ ಗೊತ್ತದ, ಆದ್ರೂ ತನ್ನ ಮ್ಯಾಲ ತಗೊಂಡ.”

ಮಾಣಿಕಪ್ಪ ತಕ್ಕಡಿಯ ಸರಪಳಿಯನ್ನು ಬೆರಳಲ್ಲಿ ಸುತ್ತುತ್ತ ಬಿಚ್ಚುತ್ತ ಇದ್ದರು. ಹೆದರುವವನನ್ನು ಆ ಕೆಲಸಕ್ಕೆ ಯಾರು ಕರೆದಿದ್ದರು ಎಂದು ಕಡೆಗೆ ಕೇಳಿದರು. ನ್ಯಾಯವಾದ ಪ್ರಶ್ನೆ. ಪರೀಕ್ಷೆಗಾಗಿ ಒಪ್ಪಿಕೊಂಡೆ ಎಂದು ಹೇಳಬೇಕಾಯಿತು. ಆ ಪರೀಕ್ಷೆಯಾದರೂ ಪಾಸಾಯಿತೇ ಎಂದರು. ಇಲ್ಲ ಎಂದೆ. ಅವರ ಮೀಸೆಯ ಕೆಳಗೆ ಏನೋ ಅಲುಗಿತು, ನಗುವೋ ಸಿಟ್ಟೋ ತಿಳಿಯಲಿಲ್ಲ.

ಆಗ ಲೀಲಾ ಬಾಯಿ ಬಿಟ್ಟಳು.

“ಶರಣು ಕಾಕಾ ಅಂಜತಾನ ಅಂತ ನನಗ ಮೊದಲ ದಿನಾನೇ ಗೊತ್ತಿತ್ತು, ಅಪ್ಪಾ. ನನ್ನ ಮಣಕಾಲ ಮ್ಯಾಲ ಅವನ ಕೈ ನಡಗತಿತ್ತು.”

ಮತ್ತೆ ಯಾಕೆ ಹೇಳಲಿಲ್ಲ ಎಂದು ತಂದೆ ಕೇಳಿದರು.

“ನನಗೂ ಅಂಜಿಕಿ ಇತ್ತು. ಅವನೂ ಅಂಜಕೋತ ದಿನಾ ಬರತಿದ್ದ. ಅದಕ್ಕ ನಾನೂ ಹೋಗತಿದ್ದೆ.”

ಇದಿಷ್ಟನ್ನು ಅವಳು ನನ್ನ ಕಡೆ ನೋಡದೆ, ಬಹಳ ಸಾಮಾನ್ಯ ಸಂಗತಿ ಎನ್ನುವಂತೆ ಹೇಳಿದಳು. ನಾನು ಕೆಳಗಿಟ್ಟಿದ್ದ ನೀರನ್ನು ಎತ್ತಿ ಕುಡಿದೆ. ಏನಾದರೂ ಮಾಡಬೇಕಿತ್ತಲ್ಲ. ಮಾಣಿಕಪ್ಪ ಎದ್ದು ಒಳಗೆ ಹೋದರು. ತುಳಜಾಬಾಯಿ ಅವರ ಹಿಂದೆ ಹೋದಳು. ಒಳಗಿನ ಮಾತು ಕೇಳಿಸಲಿಲ್ಲ. ಹೊರಗೆ ಬಂದಾಗ ಅವರು ನನಗೆ ಹೇಳಿದ್ದಿಷ್ಟು: ಊಟ ಮಾಡಿಕೊಂಡು ಹೋಗಬೇಕು, ಸೋಮವಾರ ಹುಡುಗಿ ಬೀದರಿಗೆ ಬರುತ್ತಾಳೆ, ಆ ಮುದುಕನ ಕಾಲು ಹಿಡಿಯುವುದಿದ್ದರೆ ಅಷ್ಟರೊಳಗೆ ಹಿಡಿದುಕೊಂಡಿರಬೇಕು.

ಖಾಜಾ ಚಾಚಾ ಕಾಲು ಹಿಡಿಯಗೊಡಲಿಲ್ಲ. ಮರುದಿನ ಮುಂಜಾನೆ ಮರದ ಕೆಳಗೆ ಹೋಗಿ ನಿಂತಾಗ, ನಾನು ಮಾತು ಶುರು ಮಾಡುವ ಮೊದಲೇ ಅವನು ಬೀಡಿ ಆರಿಸಿದ. ಎಲ್ಲ ಕೇಳಿ, “ಕುದುರಿಗಿ ಮಾಫಿ ಕೇಳ್ರಿ ಸಾಹೇಬ್ರ, ನನಗ್ಯಾಕ?” ಎಂದ. ಕುದುರೆಗೆ ಹೇಗೆ ಕೇಳುವುದು ಎಂದೆ. ಅದರ ರೀತಿಯನ್ನು ಸೋಮವಾರ ಹೇಳುತ್ತೇನೆಂದ.

ಸೋಮವಾರ ಬಯಲಿಗೆ ಎಲ್ಲರೂ ಬಂದರು. ಮಾಣಿಕಪ್ಪನವರೂ ಬಂದಿದ್ದರು. ಖಾಜಾ ಚಾಚಾ ಲೀಲಾಳನ್ನು ಕಟ್ಟೆಯ ಮೇಲೆ ತಾಯಿಗೆ ಆನಿಸಿ ಕೂರಿಸಿ, ಇವತ್ತಿನ ಮೊದಲ ಸವಾರಿ ಶರಣಪ್ಪ ಸಾಹೇಬರದು ಎಂದ. ಡಾಕ್ಟರಮ್ಮ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಬಿಸಿಲಿರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಸರಕಾರಿ ನೌಕರ, ಧೋತರ ಕಚ್ಚೆ ಹಾಕಿಕೊಂಡು, ಇಬ್ಬರ ಭುಜ ಹಿಡಿದು ಕುದುರೆ ಹತ್ತಿದೆ. ಎಡಗಡೆ ಮಾಣಿಕಪ್ಪ ನನ್ನ ಮೊಣಕಾಲ ಮೇಲೆ ಕೈಯಿಟ್ಟು ನಡೆದರು. ನೆಲ ಬಹಳ ದೂರದಲ್ಲಿತ್ತು. ಕಣ್ಣು ಮುಚ್ಚಿದೆ. ಕಟ್ಟೆಯ ಮೇಲಿಂದ ಹುಕುಂ ಬಂತು: “ಛಾತಿ ಮ್ಯಾಲ, ಕಾಕಾ.”

ಅರ್ಧ ಸುತ್ತಿನವರೆಗೆ ನಾನು ಏನನ್ನೂ ನೋಡಲಿಲ್ಲ. ಆಮೇಲೆ, ನನ್ನ ನಡು ನನ್ನನ್ನು ಕೇಳದೆ ತಾನಾಗಿ ನಡೆಯುತ್ತಿದೆ ಎಂಬುದು ಅರಿವಿಗೆ ಬಂತು. ಕಾಲು ಆಡಿಸದೆ ನಡೆಯುವುದು ಎಂದರೇನು ಎಂದು ಆಗ ತಿಳಿಯಿತು. ಎಷ್ಟೋ ತಿಂಗಳಿಂದ ಆ ಹುಡುಗಿಯ ಪಕ್ಕದಲ್ಲಿದ್ದು ನನಗೆ ತಿಳಿಯದೆ ಹೋದದ್ದು ಅದೊಂದೇ. ನಾಲ್ಕು ವರ್ಷದಿಂದ ಹೆಜ್ಜೆಯಿಡದ ಮಗುವಿಗೆ ಬಿಜಲಿ ವಾರಕ್ಕೆ ಮೂರು ದಿನ ಏನು ಕೊಡುತ್ತಿತ್ತೋ ಅದನ್ನು ನಾನು ಹತ್ತು ದಿನಕ್ಕೂ ಹೆಚ್ಚು ಕಾಲ ಕಸಿದುಕೊಂಡಿದ್ದೆ. ಬೇವಿನ ಮರದ ಹತ್ತಿರ ಬಿಜಲಿ ನಿಂತಿತು. ವಕೀಲರಾಗಿ ಇಳಿಯಬೇಕಾದವನು ಮೇಲೆ ಕೂತಿದ್ದೆನಲ್ಲ, ಮಾಣಿಕಪ್ಪನವರಿಗೆ ವಿಷಯ ವಿವರಿಸಬೇಕಾಯಿತು. ಅವರು ಅತ್ತಿತ್ತ ನೋಡಿ, ಆ ಗಂಭೀರ ಮುಖದಲ್ಲೇ ಹಿಂದೆ ಹೋಗಿ, ಧೊಪ್ಪನೆ ಕಾಲು ಬಡಿದರು. ಅವರ “ಚಲೋ” ನನ್ನದಕ್ಕಿಂತ ಚೆನ್ನಾಗಿತ್ತು. ಬಿಜಲಿ ಕೂಡಲೇ ಹೊರಟಿತು.

ಆಮೇಲೆ ನನ್ನ ಹೆದರಿಕೆ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹೆದರಿಕೆ ಇತ್ತು. ಕೈ ಮಾತ್ರ ಬಿಡಲಿಲ್ಲ. ಬಿಡಿ ಎಂದು ಡಾಕ್ಟರಮ್ಮನೇ ಹೇಳುವವರೆಗೂ ಬಿಡಲಿಲ್ಲ. ಅವರು ಹಾಗೆ ಹೇಳಿದ್ದು ಮತ್ತೊಂದು ಮಳೆಗಾಲ ಹತ್ತಿರ ಬಂದಾಗ. ಮೊದಲು ಬೆನ್ನ ಹಿಂದಿನ ಕೈ ತೆಗೆಸಿದರು, ವಾರದ ಮೇಲೆ ಮೊಣಕಾಲಿನ ಕೈ. ತುಳಜಾಬಾಯಿಯೂ ನಾನೂ ಗೇಣು ದೂರದಲ್ಲಿ ಗಾಳಿಯನ್ನು ಹಿಡಿದುಕೊಂಡು ನಡೆದೆವು. ಲೀಲಾ ಮೂರು ಸುತ್ತು ಪೂರಾ ಕೂತಳು. ಇಳಿಸಿದ ಮೇಲೆ ನೆಲದ ಮೇಲೂ ಕೂತಳು. ಗೋಡೆಯಿಲ್ಲ, ದಿಂಬಿಲ್ಲ. ಕಾಲು ಪೂರ್ತಿ ಬರಲಿಲ್ಲ. ಎರಡು ಊರುಗೋಲಿನಲ್ಲಿ ಪಡಸಾಲೆ ದಾಟುವಷ್ಟು ಬಂತು. ಬಯಲಿಗೆ ಆ ಹೊತ್ತಿಗೆ ಐದು ಮಕ್ಕಳು ಬರುತ್ತಿದ್ದರು. ನಮ್ಮ ಕಚೇರಿಯ ಇನ್ನಿಬ್ಬರನ್ನು ನಾನು ಪುಸಲಾಯಿಸಿ ಕರೆತಂದಿದ್ದೆ. ಅವರಿಗೂ ಕನ್ನಡದ ಪರೀಕ್ಷೆ ಉಳಿದಿತ್ತು. ಎರಡನೆಯ ಸಲ ನಾವು ಮೂವರೂ ಪಾಸಾದೆವು.

ಸಾಲೆ ಶುರುವಾಗುವ ಮುನ್ನ ಲೀಲಾ ಊರಿಗೆ ಹೊರಟಳು. ಅವಳನ್ನು ಬಸ್ಸು ಹತ್ತಿಸಲು ಡಾಕ್ಟರಮ್ಮ, ಖಾಜಾ ಚಾಚಾ, ನಾನು ಹೋಗಿದ್ದೆವು. ಬಸ್ಸು ಕಿಕ್ಕಿರಿದಿತ್ತು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ, ಜಾಗ ಬಿಡಿ ಎಂದು ಕಂಡಕ್ಟರ್ ತುಳಜಾಬಾಯಿಗೆ ಹೇಳಿದ. ತುಳಜಾಬಾಯಿ ರೂಢಿಯಂತೆ ಕೈ ಚಾಚಿದಳು. ಲೀಲಾ ತಾಯಿಯ ಕೈಯನ್ನು ಮೆಲ್ಲಗೆ ಸರಿಸಿ, ಕಂಡಕ್ಟರನಿಗೆ, ನಾನು ನನ್ನ ಜಾಗದಾಗ ಕೂಡ್ತೇನಿ ಎಂದಳು. ಅವನು ಊರುಗೋಲುಗಳನ್ನು ನೋಡಿ, ಅವಳನ್ನು ನೋಡಿ, ಮುಂದಕ್ಕೆ ಹೋದ.

ಬಸ್ಸು ಹೊರಟಿತು. ನಿಲ್ದಾಣದ ಬಾಯಲ್ಲೇ ದೊಡ್ಡದೊಂದು ಹೊಂಡ. ಬಸ್ಸು ಅದರಲ್ಲಿ ಇಳಿದು ಎದ್ದಾಗ ಒಳಗಿದ್ದವರ ತಲೆಗಳೆಲ್ಲ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲಿದವು. ನಾವು ಮೂವರೂ ಒಂದೇ ಕಿಟಕಿಯನ್ನು ನೋಡುತ್ತಿದ್ದೆವು. ಎರಡು ಜಡೆಯ ತಲೆಯೂ ವಾಲಿತು. ಮತ್ತೆ ತಾನಾಗಿ ನೆಟ್ಟಗಾಯಿತು.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಆಮೇಲೆ ಡಾಕ್ಟರಮ್ಮ, ಊರಿಗೆ ಬಂದಾಗಿನಿಂದ ಆಚಾರವೆಂದು ಹೊರಗೆಲ್ಲೂ ಒಂದು ಗುಟುಕು ನೀರನ್ನೂ ಕುಡಿಯದಿದ್ದ ಹೆಂಗಸು, ಎದುರಿನ ಹೋಟೆಲಿನೊಳಗೆ ಹೋಗಿ ಬೆಂಚಿನ ಮೇಲೆ ಕೂತರು. ಬಾಗಿಲಲ್ಲೇ ನಿಂತ ಖಾಜಾ ಚಾಚಾನನ್ನು ಒಳಗೆ ಕರೆದು ಎದುರಿಗೆ ಕೂರಿಸಿದರು. ಮೂರು ಚಹಾ ಎಂದು ತಾವೇ ಗಟ್ಟಿಯಾಗಿ ಹೇಳಿದರು. ಚಹಾ ಬಂದು, ಮುಗಿದು, ಇನ್ನೂ ಮೂರು ಬಂದವು.